ಎಣ್ಣೆ ಬಾಟಲಿಗೆ ಮೊದಲು ರಕ್ತ ಪರೀಕ್ಷೆ

ಕಳೆದ ವರ್ಷ ತಲೆ ಬಾಚಿದರೆ ಸಾಕು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಖಾಲಾ ಒಂದು ಎಣ್ಣೆ ಹೇಳಿದರು. ಮೊಬೈಲ್ ನೋಡಿ ನಾನು ಶಾಂಪೂ, ಬಯೋಟಿನ್ ಮಾತ್ರೆ ತರಿಸಿದೆ. ಕಾಮರ್ಸ್ ಓದುವವಳಲ್ಲವೇ, ಲೆಕ್ಕ ಬರೆದಿಟ್ಟಿದ್ದೆ: ಮೂರು ತಿಂಗಳಿಗೆ 1,840 ರೂಪಾಯಿ. ಕೂದಲು ಉದುರುವುದು ಮಾತ್ರ ನಿಲ್ಲಲಿಲ್ಲ. "ಸದಾ ಸ್ಕಾರ್ಫ್ ಕಟ್ಟಿದರೆ ಇನ್ನೇನಾಗುತ್ತದೆ?" ಎಂದವರೂ ಇದ್ದರು.

ಕೊನೆಗೆ ಅಮ್ಮಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ತಲೆ ನೋಡುವ ಮೊದಲು ನನ್ನ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. "ಬೆಳಿಗ್ಗೆ ಏನು ತಿಂತೀಯಮ್ಮಾ?" ಎಂದರು. ಚಹಾ, ಎರಡು ಬಿಸ್ಕತ್ತು ಎಂದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.9 ಬಂತು. ನನ್ನ ವಯಸ್ಸಿಗೆ 12 ಆದರೂ ಇರಬೇಕು. ವಿಟಮಿನ್ ಡಿ ಕೂಡ ಕಡಿಮೆ ಇತ್ತು.

ಡಾಕ್ಟರು ವಿವರಿಸಿದ್ದು ಇಷ್ಟು. ಕಬ್ಬಿಣದ ಅಂಶ ಸಾಲದಾದಾಗ ದೇಹ ಮುಖ್ಯ ಅಂಗಗಳನ್ನು ಮೊದಲು ನೋಡಿಕೊಳ್ಳುತ್ತದೆ, ಕೂದಲಿನ ಸರದಿ ಕೊನೆಗೆ. ಬೆಳೆಯುವುದನ್ನು ನಿಲ್ಲಿಸಿದ ಕೂದಲು ಎರಡು ಮೂರು ತಿಂಗಳ ನಂತರ ಉದುರುತ್ತದೆ. ಸ್ಕಾರ್ಫ್ ಕಾರಣವಲ್ಲ, ಆದರೆ ಅದರೊಳಗೆ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಸಾಮಾನ್ಯ ಊಟ ಮಾಡುವವರಿಗೆ ಬಯೋಟಿನ್ ಕೊರತೆ ಅಪರೂಪ. ವಿಟಮಿನ್ ಎ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ. ಆದ್ದರಿಂದ ಅಂದಾಜಿನ ಮೇಲೆ ಮಾತ್ರೆ ನುಂಗಬಾರದು.

ಇದು ನನ್ನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ ಶೇ. 31. ಈ ವ್ಯತ್ಯಾಸಕ್ಕೆ ತಿಂಗಳ ಮುಟ್ಟು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ದಸ್ತರ್‌ಖಾನಿನ ಮೇಲೂ ಇರಬಹುದು. ನಮ್ಮ ಮನೆಯಲ್ಲಿ ಕಲೇಜಿಯ ತುಂಡುಗಳು ಭಾಯಿಜಾನ್ ತಟ್ಟೆಗೇ ಹೋಗುತ್ತಿದ್ದವು, ಅಮ್ಮಿ ಕೊನೆಗೆ ಉಳಿದದ್ದನ್ನು ತಿನ್ನುತ್ತಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ. ಕೇಳಿದ ಮೇಲೆ ಈಗ ನನಗೂ ಅಮ್ಮಿಗೂ ಪಾಲು ಬರುತ್ತದೆ.

ಗೆಳತಿಯರೇ, ಬೆಳಿಗ್ಗೆ ತಿಂಡಿ ಬಿಡಬೇಡಿ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಸೊಪ್ಪು, ಬೇಳೆಗೆ ನಿಂಬೆರಸ ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಎರಡು ವಿನಂತಿ: ವರ್ಷಕ್ಕೊಮ್ಮೆ ಎಲ್ಲರಿಗೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕ್ಯಾಂಟೀನಿನಲ್ಲಿ ಪಫ್ಸ್ ಪಕ್ಕ ಬೇಯಿಸಿದ ಮೊಟ್ಟೆ, ಕಡಲೆಯನ್ನೂ ಇಡಿಸಿ. ನನ್ನ ಹಿಮೋಗ್ಲೋಬಿನ್ ಪರೀಕ್ಷೆಗೆ ಆದ ಖರ್ಚು ಆ ಎಣ್ಣೆ ಬಾಟಲಿಯ ಅರ್ಧ ಬೆಲೆಯೂ ಅಲ್ಲ.

ಡಾಕ್ಟರು ಕೊಟ್ಟ ಮಾತ್ರೆ, ಊಟ ಎರಡೂ ಸರಿಯಾಗಿ ನಡೆದು ಐದು ತಿಂಗಳಾಯಿತು. ಕೂದಲು ಉದುರುವುದು ಕಡಿಮೆಯಾಗಿದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಈಗ ಮೂರನೇ ಮಹಡಿಯ ಕ್ಲಾಸಿಗೆ ಹತ್ತುವಾಗ ನಡುವೆ ನಿಲ್ಲುವುದಿಲ್ಲ, ಅಕೌಂಟೆನ್ಸಿ ಪಿರಿಯಡ್‌ನಲ್ಲಿ ನಿದ್ದೆಯೂ ಬರುವುದಿಲ್ಲ.