ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸುವವರು ಯಾರು?

ಕನ್ನಡ ನಾಡಿನಿಂದ ಬರುವ ರೈಲು ಕಲ್ಯಾಣ ನಿಲ್ದಾಣವನ್ನು ಸಮೀಪಿಸುವಾಗ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಕ್ಷಣ ಇನ್ನೊಂದು ಕಲ್ಯಾಣ ಹಾದುಹೋಗುತ್ತದೆ. ಅದು ಬೀದರ್ ಜಿಲ್ಲೆಯದು, ಬಸವಾದಿ ಶರಣರದು. ಇದು ಠಾಣೆ ಜಿಲ್ಲೆಯದು, ಜನಜಂಗುಳಿಯದು. ಎರಡಕ್ಕೂ ಹೆಸರಿನ ಹೊರತು ನಂಟಿಲ್ಲ. ಆದರೂ ಊರು ಬಿಟ್ಟು ಬಂದವರಿಗೆ ಹೆಸರಿನ ನಂಟೂ ಒಂದು ಆಸರೆಯೇ. ಆ ಆಸರೆ ಬರಿಯ ಹೆಸರಾಗಿಯೇ ಉಳಿಯುತ್ತದೆಯೋ ಅಥವಾ ನಮ್ಮ ಬದುಕನ್ನು ಮುಟ್ಟುತ್ತದೆಯೋ ಎಂಬುದು ಈ ಲೇಖನದ ಪ್ರಶ್ನೆ.

ಈ ಕಲ್ಯಾಣದಿಂದ ಉಲ್ಹಾಸ ನದಿಯ ಸೇತುವೆಯನ್ನು ದಾಟಿದರೆ ಭಿವಂಡಿಯ ದಾರಿ. ಭಿವಂಡಿ ನೂಲಿನ ಊರು. ಉತ್ತರ ಹಿಂದುಸ್ಥಾನದಿಂದ ವಲಸೆ ಬಂದ ನೇಕಾರರು, ತೆಲುಗು ನಾಡಿನ ಪದ್ಮಶಾಲಿಗಳು ಇಲ್ಲಿ ಮಗ್ಗ ಹೂಡಿದರು. 1982ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ದೊಡ್ಡ ಮುಷ್ಕರ ಆರಂಭವಾದ ಮೇಲೆ ಬಟ್ಟೆಯ ಉತ್ಪಾದನೆ ಇನ್ನಷ್ಟು ವಿದ್ಯುತ್ ಮಗ್ಗಗಳತ್ತ ಸರಿಯಿತು. ಈಗ ಮಾಣಕೋಲಿ, ಕಾಲ್ಹೇರ್, ಪೂರ್ಣಾ, ದಾಪೋಡೆಗಳ ಸುತ್ತಮುತ್ತ ಗೋದಾಮುಗಳು ಸಾಲುಗಟ್ಟಿ ನಿಂತಿವೆ. ಮುಂಬಯಿಯ ಮನೆಯೊಂದರಲ್ಲಿ ಯಾರೋ ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಬೆರಳೊತ್ತಿದರೆ, ಆ ವಸ್ತು ಮೊದಲು ಅಲುಗುವುದು ಬಹುಶಃ ಇಲ್ಲಿಯ ಯಾವುದೋ ಅಟ್ಟಣೆಯ ಮೇಲೆ. ಒಂದು ಮಹಾನಗರದ ಆಸೆಗಳೆಲ್ಲ ಪೆಟ್ಟಿಗೆಗಳಾಗಿ ರಾಶಿಬಿದ್ದಿರುವುದನ್ನು ಕಣ್ಣಾರೆ ಕಾಣಬೇಕೆಂದರೆ ಭಿವಂಡಿಗೆ ಬರಬೇಕು. ವಸ್ತುವ್ಯಾಮೋಹದ ಯುಗವೆಂದು ನಾವು ಭಾಷಣಗಳಲ್ಲಿ ಹೇಳುವ ಮಾತಿಗೆ ಇಲ್ಲಿ ಗೋಡೆಯಿದೆ, ತಗಡಿನ ಛಾವಣಿಯಿದೆ, ಪಾಳಿಯ ಮೇಲೆ ದುಡಿಯುವ ಜನರಿದ್ದಾರೆ.

ಆ ಜನರಲ್ಲಿ ನಮ್ಮವರೂ ಇದ್ದಾರೆ. ಕರಾವಳಿಯಿಂದ ಬಂದು ಹೋಟೆಲು ಕಟ್ಟಿದವರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೂ ಗೋದಾಮಿನ ಕೆಲಸಕ್ಕೂ ಸೇರಿದವರಿದ್ದಾರೆ. ಕೆಲವು ತಿಂಗಳುಗಳ ಹಿಂದೆ ಇಂಥ ಕೆಲವರು ಕೂಡಿದ ಒಂದು ಮನೆಯಲ್ಲಿ ನಾವು ವಚನಗಳ ಓದನ್ನು ಇಟ್ಟುಕೊಂಡಿದ್ದೆವು. ಅಂದು ಓದಿಗೆ ಬಂದದ್ದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ.

ಕಥೆ ಎಲ್ಲರಿಗೂ ತಿಳಿದದ್ದೇ. ಇಂದಿನ ರಾಯಚೂರು ಜಿಲ್ಲೆಗೆ ಸೇರಿದ ಅಮರೇಶ್ವರದಿಂದ ಈ ದಂಪತಿಗಳು ಶರಣರ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ಮನೆಯ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮ ಅಳತೆಗೆ ಮೀರಿದ್ದು, ತಂದಲ್ಲಿಗೇ ಒಯ್ದು ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡತನದ ನಡುವೆ ನಿಂತು, ಹೆಚ್ಚಾದುದನ್ನು ಬೇಡವೆಂದ ಆ ಹೆಣ್ಣಿನ ದನಿಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಕೊಂಡಾಡಿದ್ದೇವೆ. ಅಂದೂ ಕೊಂಡಾಡಿದೆವು.

ಆಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ತರುಣ ಕೇಳಿದ: "ಅಲ್ರೀ ಸರ, ಆ ಅಕ್ಕಿ ಹೊಳ್ಳಿ ಸುರೀಬೇಕಾದವರು ಯಾರು? ನಾನೋ, ನಮ್ಮ ಗೋದಾಮಿನ ಮಾಲಕರೋ?"

ಅವನು ರಾತ್ರಿ ಪಾಳಿಯಲ್ಲಿ ಪೆಟ್ಟಿಗೆ ಕಟ್ಟುವವನು. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಮ್ಮಲ್ಲಿ ಉತ್ತರವಿರಲಿಲ್ಲ. ಚಹಾ ಬಂತು, ಮಾತು ಬೇರೆ ಕಡೆ ಹೊರಳಿತು. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಭೋಗದ ಯುಗದಲ್ಲಿ ಶಾಸ್ತ್ರಕ್ಕೆ ನಿಷ್ಠರಾಗಿರುವುದು ಎಂದರೇನು ಎಂಬ ಚರ್ಚೆ ಅಲ್ಲಿಂದಲೇ ತೊಡಗಬೇಕೆಂದು ಈಗ ನಮಗೆ ಅನಿಸುತ್ತಿದೆ.

ಶಾಸ್ತ್ರವೆಂದರೆ ಇಲ್ಲಿ ನಾವು ಒಂದೇ ಮತದ ಗ್ರಂಥವನ್ನು ಹೇಳುತ್ತಿಲ್ಲ. ಒಂದು ಸಮುದಾಯ ತನ್ನ ಬದುಕಿನ ಅಳತೆಗೋಲೆಂದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಮಾತೆಲ್ಲ ನಮಗೆ ಶಾಸ್ತ್ರವೇ. ವಚನಗಳು, ದಾಸರ ಪದಗಳು, ಜೈನ ಪುರಾಣಗಳು, ಗದುಗಿನ ಭಾರತ, ನಮ್ಮ ನೆರೆಯವರ ಕುರಾನು ಮತ್ತು ಬೈಬಲ್, ಎಲ್ಲವೂ ಈ ಅರ್ಥದಲ್ಲಿ ಬರುತ್ತವೆ. ಇವು ಇಂದು ಮರೆಯಾಗುತ್ತಿವೆಯೇ? ಹಾಗೇನೂ ಕಾಣುವುದಿಲ್ಲ. ಬೆಳಗಾದರೆ ಮೊಬೈಲಿಗೆ ವಚನ ಬಂದಿರುತ್ತದೆ. ಗೃಹಪ್ರವೇಶದಲ್ಲಿ ಧ್ವನಿವರ್ಧಕದಿಂದ ದಾಸರ ಪದ ಕೇಳುತ್ತದೆ. ಬೈಠಕ್ ಕೋಣೆಯ ಗಾಜಿನ ಕಪಾಟಿನಲ್ಲಿ ಚಿನ್ನದ ಅಕ್ಷರದ ಸಂಪುಟಗಳು ನಿಂತಿರುತ್ತವೆ. ಆದುದರಿಂದ ನಮ್ಮ ಕಾಲ ಶಾಸ್ತ್ರವನ್ನು ಮರೆತಿದೆ ಎಂಬ ದೂರು ಪೂರ್ತಿ ನಿಜವಲ್ಲ. ನಮ್ಮ ಕಾಲ ಶಾಸ್ತ್ರವನ್ನು ಕೆಲಸಕ್ಕೆ ಇಟ್ಟುಕೊಂಡಿದೆ. ಹಿಂದೆ ಸಂಪತ್ತು ಶಾಸ್ತ್ರದ ಸೇವೆ ಮಾಡಿದ ನಿದರ್ಶನಗಳಿದ್ದವು. ಈಗ ಶಾಸ್ತ್ರವೇ ಸಂಪತ್ತಿನ ಸೇವೆಗೆ ನಿಂತಿದೆ. ನಮ್ಮ ಅಭಿಪ್ರಾಯದಲ್ಲಿ ನಿಷ್ಠೆ ಸಡಿಲವಾದದ್ದು ಇಲ್ಲಿ.

ಸಂಪತ್ತು ಶಾಸ್ತ್ರದ ಸೇವೆ ಮಾಡಿದ್ದಕ್ಕೆ ಕನ್ನಡದಲ್ಲಿಯೇ ದೊಡ್ಡ ಸಾಕ್ಷಿಯಿದೆ. ಹತ್ತನೆಯ ಶತಮಾನದ ಅಂತ್ಯದಲ್ಲಿ, ಚಾಲುಕ್ಯ ತೈಲಪನ ಕಾಲದ ಸೇನಾನಿಗಳ ಮನೆತನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲವದು. ಪ್ರತಿಯೊಂದು ಓಲೆಗರಿಯನ್ನೂ ಒಬ್ಬ ಮನುಷ್ಯ ಕಂಠದಿಂದ ಕೊರೆದು ಬರೆಯಬೇಕು. ಅವನಿಗೆ ಊಟ, ವಸತಿ, ಸಂಭಾವನೆ ಸಲ್ಲಬೇಕು. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಜೈನ ಪರಂಪರೆಗೆ ಅದು ಸಹಜವಾದ ವೆಚ್ಚ. ರನ್ನ ತನ್ನ ಅಜಿತಪುರಾಣದಲ್ಲಿ ಈ ತಾಯಿಯನ್ನು ಸ್ತುತಿಸಿದ. ಲಕ್ಕುಂಡಿಯ ಬಸದಿ ಇಂದಿಗೂ ಅವಳ ಹೆಸರನ್ನು ಹೇಳುತ್ತಿದೆ. ಅವಳ ಬಳಿ ಹಣವಿದ್ದುದು ದೋಷವಾಗಲಿಲ್ಲ. ಆ ಹಣ ಯಾವುದರ ಮುಂದೆ ತಲೆಬಾಗಿತು ಎಂಬುದು ಮುಖ್ಯವಾಯಿತು.

ಇನ್ನೊಂದು ಸಾಕ್ಷಿ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ಒಂದು ಎಳೆ ಮುಂಬಯಿಯಲ್ಲಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ ಕಾನೂನು ಪದವಿ ಪಡೆದವರು. ಮರಾಠಿ, ಗುಜರಾತಿ ಜನರ ಭಾಷಾಭಿಮಾನವನ್ನು ಇಲ್ಲಿ ಕಂಡು ಕನ್ನಡಿಗರ ಸ್ಥಿತಿಗೆ ಮರುಗಿದವರು. ವಿಜಯಪುರದಲ್ಲಿ ವಕೀಲಿ ಹಿಡಿದು ಸುಖವಾಗಿರಬಹುದಿತ್ತು. ಆದರೆ ಮಠಗಳಲ್ಲಿ, ಮನೆಗಳ ಜಂತಿಯಲ್ಲಿ, ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಓದಿಲ್ಲದೆ ಬಿದ್ದಿದ್ದ ವಚನಗಳ ಓಲೆಗರಿಗಳನ್ನು ಹುಡುಕಿ ತೆಗೆಯುವುದಕ್ಕೆ ಜೀವನವನ್ನು ಕೊಟ್ಟರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. ಮುದ್ರಣದ ತೊಡಕು ತೀರಲೆಂದು ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ಆಸ್ತಿ ಪುಸ್ತಕಗಳೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಳಕಟ್ಟಿಯವರು ಹಣವನ್ನು ಕಂಡರೆ ಮೂಗು ಮುರಿಯುವ ಜನವಲ್ಲ. ವಿಜಯಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿ, ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಯಲ್ಲಿ ಅವರ ಕೈಯಿದೆ. ಹಣದ ಶಕ್ತಿ ಅವರಿಗೆ ಚೆನ್ನಾಗಿ ತಿಳಿದಿತ್ತು. ಊರಿಗೆ ಬ್ಯಾಂಕು ಬೇಕು, ಶಾಲೆ ಬೇಕು, ತನಗೆ ಮನೆಯಿಲ್ಲದಿದ್ದರೂ ನಡೆದೀತು ಎಂಬ ಲೆಕ್ಕ ಅವರದು. ಶಾಸ್ತ್ರನಿಷ್ಠೆಯೆಂದರೆ ಗಳಿಕೆಯನ್ನು ಬಿಟ್ಟು ಓಡುವುದೆಂದು ತಿಳಿಯುವವರು, ಅಥವಾ ಹಾಗೆ ತಿಳಿದೇ ಅದು ನಮಗಾಗದ ಮಾತೆಂದು ಕೈಬಿಡುವವರು, ಈ ಬದುಕನ್ನು ನೋಡಬೇಕು. ಲಕ್ಕಮ್ಮನ ಮಾತು ನಮ್ಮ ಕೈಗೆ ಪುಸ್ತಕವಾಗಿ ಬಂದದ್ದರಲ್ಲಿ ಒಬ್ಬ ವಕೀಲರ ಮನೆಯ ಬೆಲೆಯೂ ಸೇರಿದೆ.

ಈಗ ತರುಣನ ಪ್ರಶ್ನೆಗೆ ಮರಳೋಣ. ಲಕ್ಕಮ್ಮನ ಪ್ರಸಂಗವನ್ನು ಇನ್ನೊಮ್ಮೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆಸೆ ಅತಿಯಾಯಿತು ಎಂದು ಅವಳು ಹೇಳಿದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು ಕುರಿತು, ತನ್ನ ಗಂಡನಿಗೆ. ತನಗಿಂತ ಬಡವರಾದ ಯಾರಿಗೂ ಅವಳು ತೃಪ್ತಿಯ ಉಪದೇಶ ಮಾಡಲಿಲ್ಲ. ಸಂಯಮದ ಶಾಸ್ತ್ರವನ್ನು ಅವಳು ಮೊದಲು ತನ್ನ ಮೊರದ ಮೇಲೆ ಪ್ರಯೋಗಿಸಿದಳು. ನಾವು ಮಾಡುತ್ತಿರುವುದು ಇದರ ತಿರುವು ಮುರುವು. ಉಳ್ಳವರು ವೇದಿಕೆಯ ಮೇಲೆ ನಿಂತು, ಇಲ್ಲದವರು ಕುಳಿತಿರುವ ಸಭೆಗೆ, ಅತಿಯಾಸೆ ಬೇಡವೆಂದು ವಚನದ ಬಲದಿಂದ ಹೇಳುತ್ತೇವೆ. ಅದೇ ಮಾತು ಲಕ್ಕಮ್ಮನ ಬಾಯಲ್ಲಿ ಶಾಸ್ತ್ರ; ಆಳಿನ ಕೂಲಿಯನ್ನು ಹಿಡಿದಿಟ್ಟುಕೊಂಡವನ ಬಾಯಲ್ಲಿ ಅದು ಬರಿಯ ವ್ಯವಹಾರ. ಅಕ್ಷರ ಬದಲಾಗಲಿಲ್ಲ, ಅರ್ಥ ಕೆಟ್ಟಿತು. ಆದ್ದರಿಂದ ಅವನಿಗೆ ನಾವು ಅಂದು ಹೇಳಬೇಕಾಗಿದ್ದ ಉತ್ತರ ಇದು: ತಮ್ಮಾ, ಅಕ್ಕಿಯನ್ನು ಹಿಂದಕ್ಕೆ ಸುರಿಯಬೇಕಾದವರು ಯಾರ ಮನೆಯಲ್ಲಿ ಅದು ಅಳತೆ ಮೀರಿದೆಯೋ ಅವರು. ನಿನ್ನ ಪಾಲಿನದು ನಿನಗೆ ಇನ್ನೂ ಬಂದಿಲ್ಲ.

ಹೀಗೆಂದಾಗ ಗೋದಾಮಿನ ಮಾಲಕನೊಬ್ಬನನ್ನೇ ಕಟಕಟೆಗೆ ತಂದು ನಿಲ್ಲಿಸಿ ನಾವು ಪಾರಾದಂತಲ್ಲ. ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನಾವು ನಡೆಸಿದ ಶರಣಸ್ಮರಣೆಯ ಕಾರ್ಯಕ್ರಮ ದೊಡ್ಡದಾಗಿಯೇ ಆಯಿತು. ಸಭಾಂಗಣ, ಹೂವು, ಶಾಲು, ಹಾರ, ಸ್ಮರಣಿಕೆ, ನಾಲ್ಕು ಬಗೆಯ ಸಿಹಿ. ದಾಸೋಹವನ್ನು ಕುರಿತು ಮೂರು ಭಾಷಣಗಳಾದವು. ಬಡಿಸಿದ, ಪಾತ್ರೆ ತೊಳೆದ ಹುಡುಗರು ಎಲ್ಲರೂ ಹೋದ ಮೇಲೆ, ಉಳಿದುದನ್ನು ಉಂಡರು. ಅವರಿಗೆ ಸಲ್ಲಬೇಕಾದ ಹಣವನ್ನು ಮೊದಲು ಆಡಿದ ಮಾತಿಗಿಂತ ಕಡಿಮೆ ಮಾಡಲು ನಮ್ಮಲ್ಲೇ ಒಬ್ಬರು ಚೌಕಾಶಿ ನಡೆಸಿದರು, ಉಳಿದವರು ಸುಮ್ಮನಿದ್ದೆವು. ಶಾಲಿನ ಅಂಗಡಿಯವನೊಡನೆ ಯಾರೂ ಚೌಕಾಶಿ ಮಾಡಿರಲಿಲ್ಲ. ಅಂದಿನ ಖರ್ಚಿನ ಚೀಟಿಯನ್ನು ಈಗ ತೆಗೆದು ನೋಡಿದರೆ, ಮೂರು ಭಾಷಣಗಳಿಗಿಂತ ಅದೇ ನಮ್ಮ ನಿಷ್ಠೆಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಇದಕ್ಕೆ ಒಂದು ಸಮಾಧಾನವನ್ನು ನಾವು ಸಾಮಾನ್ಯವಾಗಿ ಹೇಳಿಕೊಳ್ಳುತ್ತೇವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವು. ದುಡಿಮೆಯೇ ನಮ್ಮ ಧರ್ಮ. ಶಾಸ್ತ್ರದ ಸೂಕ್ಷ್ಮಗಳು ಊರಿನಲ್ಲಿ ಕುಳಿತವರಿಗೆ ಎಂಬುದು ಆ ಸಮಾಧಾನ. ಅದರಲ್ಲಿ ಅರ್ಧ ನಿಜವಿದೆ. ಗಳಿಸಲು ಬಂದವರು ಗಳಿಸಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ನಮ್ಮ ಹಿರಿಯರ ಚರಿತ್ರೆಯೇ ಉಳಿದರ್ಧವನ್ನು ಅಲ್ಲಗಳೆಯುತ್ತದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಓದಿದ ಒಂದು ಪೀಳಿಗೆ ನಮ್ಮಲ್ಲಿತ್ತು. ಆ ಶಾಲೆಗಳು ನಡೆದದ್ದು ಸಂಘಸಂಸ್ಥೆಗಳ ದುಡ್ಡಿನಿಂದ, ಪಾಠ ಹೇಳಿದವರ ತ್ಯಾಗದಿಂದ. ಅದು ನಮ್ಮ ಕಾಲದ ಶಾಸ್ತ್ರದಾನ. ಗಳಿಕೆಯ ನಡುವೆಯೇ, ಗಳಿಕೆಯ ಊರಿನಲ್ಲಿಯೇ ಅದು ನಡೆಯಿತು.

ಹಾಗಾದರೆ ಈಗ ಮಾಡಬೇಕಾದುದೇನು? ದೊಡ್ಡ ಪ್ರತಿಜ್ಞೆಗಳಲ್ಲಿ ನಮಗೆ ನಂಬಿಕೆಯಿಲ್ಲ. ಮೂರು ಸಣ್ಣ ನಿಯಮಗಳನ್ನು ನಮ್ಮ ಬಳಗದಲ್ಲಿ ಮುಂದಿಟ್ಟಿದ್ದೇವೆ. ಒಂದು, ಯಾವ ಗ್ರಂಥವನ್ನು ಓದಿದರೂ ಅದರಲ್ಲಿ ನಮಗೆ ಹಿತವಾದ ಸಾಲುಗಳನ್ನಷ್ಟೇ ಆಯ್ದುಕೊಳ್ಳದೆ ಪ್ರಸಂಗವನ್ನು ಪೂರ್ತಿಯಾಗಿ ಓದುವುದು. ಚುಚ್ಚುವ ಮಾತು ಬಂದಾಗ ಅದು ಯಾರಿಗೋ ಹೇಳಿದ್ದೆಂದು ದಾಟಿಸದಿರುವುದು. ಎರಡು, ಕಾರ್ಯಕ್ರಮದಲ್ಲಿ ದುಡಿದವರಿಗೆ ಮೊದಲ ಪಂಕ್ತಿ, ಅವರ ಕೂಲಿ ಅಂದೇ, ಆಡಿದಷ್ಟು. ಮೂರು, ಶಾಲು ಹಾರಗಳಿಗೆ ಹೋಗುತ್ತಿದ್ದ ಹಣದ ಒಂದು ಭಾಗ ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ವೆಚ್ಚಕ್ಕೆ. ಅಕ್ಷರ ಬಾರದ ಮಗು ಕಪಾಟಿನ ಸಂಪುಟಕ್ಕೆ ಕೈಮುಗಿಯಬಲ್ಲುದೇ ಹೊರತು ಅದರೊಡನೆ ಜಗಳವಾಡಲಾರದು. ಜಗಳವಾಡಲಾರದವರಿಗೆ ನಿಷ್ಠೆಯೂ ಕಷ್ಟ. ಓಲೆಗರಿಗೆ ಪೂಜೆ ಮಾತ್ರ ಸಲ್ಲುತ್ತಿದ್ದ ಸ್ಥಿತಿಯಿಂದ ಹಳಕಟ್ಟಿಯವರು ವಚನಗಳನ್ನು ಬಿಡಿಸಿ ತಂದರು. ಗಾಜಿನ ಕಪಾಟಿನಿಂದ ಅವುಗಳನ್ನು ಬಿಡಿಸುವ ಕೆಲಸ ನಮ್ಮದು.

ಇವು ಭಿವಂಡಿಯ ಗೋದಾಮುಗಳನ್ನು ಬರಿದು ಮಾಡುವ ನಿಯಮಗಳಲ್ಲ ಎಂಬುದು ನಮಗೂ ಗೊತ್ತು. ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ. ಅವುಗಳಲ್ಲಿ ಕೆಲವು ನಮ್ಮ ಮನೆಯ ಬಾಗಿಲಿಗೂ ಬರುತ್ತವೆ. ಆದರೆ ಒಂದು ಮನೆಯಲ್ಲಿ, ಒಂದು ಸಂಜೆ, ಬಂದುದು ಅಳತೆಗೆ ಮೀರಿತು ಎಂದು ಗುರುತಿಸುವ ಒಂದು ಕಣ್ಣು ಇರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಕಣ್ಣು ಅಕ್ಕಿ ಆಯುವವನ ಹೆಂಡತಿಗೆ ಇತ್ತು. ಭಿವಂಡಿಯಲ್ಲಿ ಪೆಟ್ಟಿಗೆ ಕಟ್ಟುವ ಒಬ್ಬ ತರುಣನಿಗೆ ಇದೆ.

ಮುಂದಿನ ಓದಿಗೆ ಅವನನ್ನು ಕರೆದಿದ್ದೇವೆ. ಅವನಿಗೆ ರಾತ್ರಿ ಪಾಳಿಯಾದ್ದರಿಂದ ಓದಿನ ಹೊತ್ತನ್ನು ಬೆಳಗಿಗೆ ಬದಲಿಸಿಕೊಂಡಿದ್ದೇವೆ.