ಯಂತ್ರ ಇದ್ದರೂ ಬೇಡ, ತೆಗೆದರೂ ಬೇಡ

ದೀಪಾವಳಿ ರಜೆಗೆ ಧಾರವಾಡದಿಂದ ಅಣ್ಣನ ಮಕ್ಕಳು ಪುಣೆಗೆ ಬಂದಿದ್ದರು. ಎಲ್ಲರೂ ಸೇರಿ ಊರ ಹೊರಗಿನ ಅಮ್ಯೂಸ್‌ಮೆಂಟ್ ಪಾರ್ಕೊಂದಕ್ಕೆ ಹೋದೆವು. ರೋಲರ್ ಕೋಸ್ಟರ್ ಎದುರು ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತ ಮೇಲೆ ನಮ್ಮ ಪಾಳಿ ಬಂತು. ಅಣ್ಣನ ಮಕ್ಕಳಿಬ್ಬರೂ ಒಳಗೆ ಹೋದರು. ಅವರ ಬೆನ್ನಿಗೇ ಇದ್ದ ನನ್ನ ಹತ್ತು ವರ್ಷದ ಮಗಳನ್ನು ಮಾತ್ರ ಗೇಟಿನಲ್ಲಿದ್ದ ಹುಡುಗ ತಡೆದ. ಅವಳ ಬಲಗಿವಿಯ ಹಿಂದಿನ ಸಾಧನ ತೋರಿಸಿ, ‘ಮಷಿನ್ ಇದ್ದವರಿಗೆ ಇಲ್ಲ’ ಎಂದ.

ತೆಗೆದಿಡುತ್ತೇವೆ ಎಂದೆ. ಮಗಳು ತಾನೇ ಅದನ್ನು ತೆಗೆದು ನನ್ನ ಕೈಗಿಟ್ಟಳು. ಹುಡುಗ ಮೇಲ್ವಿಚಾರಕನನ್ನು ಕರೆದ. ಅವನು ಕೇಳಿದ್ದು ಇಷ್ಟೇ: ‘ಹಾಗಾದರೆ ಈಗ ಇವಳಿಗೆ ಏನೂ ಕೇಳಿಸುವುದಿಲ್ಲ ಅಲ್ಲವೇ? ಏನಾದರೂ ಆದರೆ ಯಾರು ಹೊಣೆ?’ ಯಂತ್ರವಿದ್ದರೆ ಯಂತ್ರದ ಕಾರಣಕ್ಕೆ ಬೇಡ, ತೆಗೆದರೆ ಕೇಳಿಸುವುದಿಲ್ಲ ಎಂಬ ಕಾರಣಕ್ಕೆ ಬೇಡ. ಹಿಂದೆ ನಿಂತವರು ಗೊಣಗತೊಡಗಿದರು. ಮಗಳ ಕೈ ಹಿಡಿದುಕೊಂಡು ಸರದಿಯಿಂದ ಹೊರಬಂದೆ. ಪ್ರೊಸೆಸರ್ ಮತ್ತೆ ಹಾಕಿಕೊಂಡ ಕೂಡಲೇ ಅವಳು ಕೇಳಿದಳು: ‘ಅಪ್ಪಾ, ನಂಗ್ಯಾಕ ಬ್ಯಾಡ ಅಂದ್ರು?’

ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುತ್ತಾ ಈ ಲೇಖನ ಬರೆಯುತ್ತಿದ್ದೇನೆ.

ಕಾಕ್ಲಿಯರ್ ಇಂಪ್ಲಾಂಟ್ ಎಂದರೆ ಎರಡು ಭಾಗ. ಒಂದು, ಶಸ್ತ್ರಚಿಕಿತ್ಸೆಯಲ್ಲಿ ಕಿವಿಯ ಹಿಂದೆ ಚರ್ಮದ ಕೆಳಗೆ ಕೂರಿಸಿದ ಭಾಗ. ಅದರ ತೆಳುವಾದ ಎಲೆಕ್ಟ್ರೋಡ್ ತಂತಿ ಒಳಗಿವಿಯ ಶಂಖದಂಥ ಸುರುಳಿಯೊಳಗೆ ಹೋಗಿರುತ್ತದೆ. ಇನ್ನೊಂದು, ಹೊರಗೆ ಧರಿಸುವ ಪ್ರೊಸೆಸರ್ ಮತ್ತು ಕಾಯಿಲ್. ಕಾಯಿಲ್ ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಳ್ಳುತ್ತದೆ. ಹೊರಗಿನ ಭಾಗ ತೆಗೆದರೆ ಮಗುವಿಗೆ ಕೇಳಿಸದು, ಆದರೆ ಜೀವಕ್ಕೆ ಏನೂ ಆಗದು. ಇದು ಹೃದಯದ ಪೇಸ್‌ಮೇಕರ್ ಅಲ್ಲ. ಪಾರ್ಕಿನವರು ಎರಡನ್ನೂ ಒಂದೇ ಎಂದುಕೊಂಡಂತಿತ್ತು.

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ವೇಗವಾಗಿ ತಿರುಗುವ, ತಲೆಕೆಳಗಾಗುವ ಆಟಗಳಲ್ಲಿ ಪ್ರೊಸೆಸರ್ ಕಳಚಿ ಬೀಳುವುದು ಸುಲಭ. ಪ್ಲಾಸ್ಟಿಕ್ ಜಾರುಬಂಡೆಯ ತೊಂದರೆ ಬೇರೆ. ಮೈ ಉಜ್ಜಿಕೊಂಡು ಜಾರುವಾಗ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಅದು ಚಟ್ಟನೆ ಹರಿದಾಗ ಪ್ರೊಸೆಸರ್‌ನಲ್ಲಿ ಮಗುವಿಗಾಗಿಯೇ ಹೊಂದಿಸಿಟ್ಟ ಪ್ರೋಗ್ರಾಂ ಕೆಡಬಹುದು. ಜಾರುವ ಮೊದಲು ಹೊರಗಿನ ಭಾಗ ತೆಗೆದಿಡಿ ಎಂದು ಶ್ರವಣತಜ್ಞರು ಹೇಳುವುದು ಅದಕ್ಕೇ. ಡ್ಯಾಷಿಂಗ್ ಕಾರಿನಲ್ಲಿ ತಲೆಗೆ ಪೆಟ್ಟು ಬಿದ್ದರೆ ಒಳಗಿನ ಭಾಗಕ್ಕೇ ಹಾನಿಯಾಗಬಹುದು. ಪ್ರಬಲ ಅಯಸ್ಕಾಂತ ಬಳಸುವ ಆಟಗಳಿದ್ದರೆ ಇಂಪ್ಲಾಂಟ್ ಕಂಪನಿಯನ್ನೂ ವೈದ್ಯರನ್ನೂ ಮೊದಲೇ ಕೇಳಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಅಥವಾ ತಲೆಸುತ್ತಿನ ತೊಂದರೆ ಇದ್ದರೆ ಇಂಥ ಆಟಗಳ ಗೊಡವೆಗೇ ಹೋಗಬಾರದು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನೇ ಹಲವು ವರ್ಷ ಮಗಳನ್ನು ನಮ್ಮ ಸೊಸೈಟಿಯ ಜಾರುಬಂಡೆಗೆ ಬಿಟ್ಟಿರಲಿಲ್ಲ. ಪ್ರೊಸೆಸರ್ ತೆಗೆದು ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ತೆಗೆದು ಬೇರೆ ಮಕ್ಕಳ ನಡುವೆ ಬಿಡಲು ನನಗೆ ಧೈರ್ಯವಿರಲಿಲ್ಲ. ಕೆಲವು ಲಕ್ಷ ರೂಪಾಯಿ ಬೆಲೆಯ ವಸ್ತು ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಅವಳು ಮತ್ತೆ ಮೊದಲಿನ ಮೌನಕ್ಕೆ ಹೋಗುತ್ತಾಳೆ ಎಂಬುದು.

ಹೊರನಾಡಿನಲ್ಲಿ ಇಂಥ ಮಗುವನ್ನು ಬೆಳೆಸುವವರಿಗೆ ಈ ಭಯ ಅರ್ಥವಾಗುತ್ತದೆ. ಎರಡೂವರೆ ವರ್ಷಕ್ಕೆ ಶಸ್ತ್ರಚಿಕಿತ್ಸೆಯಾದಾಗ, ಮಗುವಿಗೆ ಗೊಂದಲವಾಗಬಾರದು, ಮನೆಯಲ್ಲಿ ಹಿಂದಿಯನ್ನೇ ಆಡಿ ಎಂದವರಿದ್ದರು. ತಿಂಗಳುಗಟ್ಟಲೆ ಹಾಗೇ ಮಾಡಿದೆವು. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋಗಿಬಂದ ಸಂಬಂಧಿಕರೊಬ್ಬರು ಧೈರ್ಯ ಹೇಳಿದರು. ನಿಮ್ಮ ಬಾಯಲ್ಲಿ ಸಹಜವಾಗಿ ಬರುವ ಭಾಷೆಯನ್ನೇ ಮಗುವಿಗೆ ಕೊಡಿ ಎಂದರು. ಮನೆಗೆ ಕನ್ನಡ ವಾಪಸು ಬಂತು. ಇವತ್ತು ಮಗಳು ಅಜ್ಜಿಯ ಜೊತೆ ಫೋನಿನಲ್ಲಿ ಧಾರವಾಡದ ಕನ್ನಡದಲ್ಲೇ ಜಗಳವಾಡುತ್ತಾಳೆ, ಬೀದಿಯಲ್ಲಿ ಮರಾಠಿ ಆಡುತ್ತಾಳೆ. ಅದೆಲ್ಲ ಬಂದಿದ್ದು ಆ ಪುಟ್ಟ ಯಂತ್ರದ ಮೂಲಕ. ಅದನ್ನು ಅವಳಿಂದ ತೆಗೆದು ಕಿಸೆಗೆ ಹಾಕಿಕೊಳ್ಳುವಾಗ ನನ್ನ ಕೈ ಈಗಲೂ ನಡುಗುತ್ತದೆ.

ಹಾಗಾಗಿ ಮೇಲ್ವಿಚಾರಕನ ಭಯವನ್ನು ನಾನು ತಮಾಷೆ ಮಾಡಲಾರೆ. ಆದರೆ ಭಯಕ್ಕೂ ನಿಯಮಕ್ಕೂ ವ್ಯತ್ಯಾಸವಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 3ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ನ್ಯಾಯಬದ್ಧ ಉದ್ದೇಶವಿದ್ದು, ಅದಕ್ಕೆ ತಕ್ಕಷ್ಟೇ ಕ್ರಮ ಕೈಗೊಂಡರೆ ಮಾತ್ರ ವಿನಾಯಿತಿ. ‘ಸುರಕ್ಷತೆ’ ನ್ಯಾಯವಾದ ಉದ್ದೇಶವೇ. ಪ್ರೊಸೆಸರ್ ತೆಗೆಯಿರಿ ಎನ್ನುವುದು ಅದಕ್ಕೆ ತಕ್ಕ ಕ್ರಮ. ಮಗುವನ್ನೇ ಹೊರಗಿಡುವುದಲ್ಲ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಜೀಜಾ ಘೋಷ್ ಅವರನ್ನು ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮುನ್ನೆಚ್ಚರಿಕೆಯ ಹೆಸರಿನಲ್ಲಿ ಮನುಷ್ಯರ ಘನತೆ ಕಸಿಯಬಾರದು ಎಂಬುದೇ ಅದರಿಂದ ನಾನು ಕಲಿತ ಪಾಠ.

ಕೇಳಿಸದ ಮಗುವಿಗೆ ಸೂಚನೆ ಕೊಡುವುದು ಅಷ್ಟು ಕಷ್ಟವೇ? ಅದೇ ದಿನ ಸಂಜೆ ಇದಕ್ಕೆ ಉತ್ತರ ಸಿಕ್ಕಿತು. ಇನ್ನೊಂದು ಚಿಕ್ಕ ಕೋಸ್ಟರ್ ನಡೆಸುತ್ತಿದ್ದ ವಯಸ್ಸಾದ ಕಾಕಾ ನನ್ನಿಂದ ವಿಷಯ ಕೇಳಿಕೊಂಡರು. ಮಗಳ ಎದುರು ಕೂತು ಕಂಬಿ ಹಿಡಿಯುವುದನ್ನು ತೋರಿಸಿದರು, ತಲೆ ಹಿಂದಕ್ಕೆ ಆನಿಸಿಕೊಳ್ಳಲು ಸನ್ನೆ ಮಾಡಿದರು, ಗಾಡಿ ಪೂರ್ತಿ ನಿಲ್ಲುವ ತನಕ ಏಳಬೇಡ ಎಂದು ಅಂಗೈ ಎತ್ತಿದರು. ಅವಳು ಹೆಬ್ಬೆರಳೆತ್ತಿದಳು. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ, ಆ ಗದ್ದಲದಲ್ಲಿ ಧ್ವನಿವರ್ಧಕದ ಸೂಚನೆ ಉಳಿದ ಮಕ್ಕಳಿಗೂ ಕೇಳಿಸುತ್ತಿರಲಿಲ್ಲ.

ಪಾರ್ಕುಗಳು ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಯಾವ ಆಟಕ್ಕೆ ಪ್ರೊಸೆಸರ್ ತೆಗೆಯಬೇಕು, ಯಾವುದನ್ನು ಇಂಪ್ಲಾಂಟ್ ಇದ್ದವರು ಆಡಲೇಬಾರದು ಎಂದು ಕಾರಣ ಸಮೇತ ಟಿಕೆಟ್ ಕೌಂಟರಿನಲ್ಲೇ ಬರೆದು ಹಾಕಲಿ. ಸರದಿಯ ಕೊನೆಯಲ್ಲಿ ಹೇಳುವುದು ಬೇಡ. ಪ್ರತಿ ಆಟದ ಬಳಿ ಚಿತ್ರಸೂಚನೆಯ ಹಲಗೆ, ಬೀಗವಿರುವ ಪುಟ್ಟ ಪೆಟ್ಟಿಗೆ ಇರಲಿ. ಸಿಬ್ಬಂದಿಗೆ ನಾಲ್ಕು ಸನ್ನೆ ಕಲಿಸಲಿ.

ಪೋಷಕರಿಗೂ ನಾಲ್ಕು ಮಾತು. ಹೊರಡುವ ಮೊದಲು ಶ್ರವಣತಜ್ಞರನ್ನು ಕೇಳಿ. ಇಂಪ್ಲಾಂಟಿನ ಗುರುತಿನ ಚೀಟಿ ಜೊತೆಗಿರಲಿ. ಪ್ರೊಸೆಸರ್ ಇಡಲು ಗಟ್ಟಿ ಡಬ್ಬಿ ಒಯ್ಯಿರಿ. ಆಟದ ಸೂಚನೆಗಳನ್ನು ಯಂತ್ರ ತೆಗೆಯುವ ಮೊದಲೇ ಮಗುವಿಗೆ ಹೇಳಿ. ಮತ್ತೆ, ನಿಮ್ಮ ಭಯವನ್ನು ಮಗುವಿನ ತಲೆಗೆ ಕಟ್ಟಬೇಡಿ.

ಕೋಸ್ಟರ್‌ನಿಂದ ಇಳಿದು ಬಂದ ಮಗಳಿಗೆ ಪ್ರೊಸೆಸರ್ ಹಾಕಿ ‘ಹೆಂಗಿತ್ತು?’ ಎಂದೆ. ‘ಸಪ್ಪಳ ಇರಲಿಲ್ಲಪ್ಪಾ. ಆದ್ರ ಹೊಟ್ಟ್ಯಾಗ ಗಾಳಿ ತುಂಬಿದಂಗಾತು. ಇನ್ನೊಂದು ಸಲ ಹೋಗ್ಲಿ?’ ಎಂದಳು.

ಮೊದಲ ಕೋಸ್ಟರ್‌ನವರಿಗೆ ಪತ್ರ ಬರೆದಿದ್ದೇನೆ. ಬೇಸಿಗೆ ರಜೆಗೆ ಅಣ್ಣನ ಮಕ್ಕಳು ಮತ್ತೆ ಬರುತ್ತಾರೆ. ಅಷ್ಟರೊಳಗೆ ಉತ್ತರ ಬರಲಿ, ಬಾರದಿರಲಿ, ನಾವು ಮತ್ತೆ ಆ ಸರದಿಯಲ್ಲಿ ನಿಲ್ಲುತ್ತೇವೆ.