ಸಾಲ ತೀರಿದರೂ ತೀರದ ಬಾಕಿ

ಊಟಿಯ ಪಕ್ಕದ ಪೈಕಾರದ ನೀರು 1930ರ ದಶಕದಿಂದಲೂ ಸಿಂಗಾರದ ವಿದ್ಯುದಾಗಾರಕ್ಕೆ ಧುಮುಕುತ್ತಿದೆ. 1950ರ ದಶಕದಲ್ಲಿ ಕೊಲಂಬೊ ಯೋಜನೆಯಡಿ ಕೆನಡಾದ ನೆರವು ಪಡೆದ ಕುಂದಾ ಯೋಜನೆಯೂ ನೀಲಗಿರಿಯ ಮಳೆಯನ್ನೇ ನಂಬಿ ನಿಂತಿದೆ. ಇವಕ್ಕೆ ದೊಡ್ಡ ಖರ್ಚು ಬಿದ್ದದ್ದು ಕಟ್ಟುವಾಗ. ಅಲ್ಲಿಂದೀಚೆಗೆ ದುರಸ್ತಿ, ಸಂಬಳಗಳ ಬಾಬ್ತು ಇದೆಯೇ ಹೊರತು ಇಂಧನದ ಬಿಲ್ಲಿಲ್ಲ. ಅಭಿವೃದ್ಧಿ ಬ್ಯಾಂಕುಗಳು ಏಷ್ಯಾದ ವಿದ್ಯುತ್ತಿಗೆ ಸಾಲ ಕೊಡುವಾಗ ನೋಡಬೇಕಾದ ಮೊದಲ ಸಂಗತಿ ಇದು: ಸಾಲ ತೀರಿದ ಮೇಲೂ ಬಡದೇಶ ಯಾರಿಗೆ ಬಾಕಿ ಉಳಿಯುತ್ತದೆ?

ಗುಜರಾತಿನ ಮುಂದ್ರಾದಲ್ಲಿ ಈ ಪ್ರಶ್ನೆಗೆ ಕಹಿ ಉತ್ತರ ಸಿಕ್ಕಿತು. ಅಲ್ಲಿನ 4,000 ಮೆಗಾವಾಟ್ ಕಲ್ಲಿದ್ದಲು ಸ್ಥಾವರಕ್ಕೆ 2008ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ (ಎಡಿಬಿ) ಮತ್ತು ವಿಶ್ವಬ್ಯಾಂಕ್ ಸಮೂಹದ ಐಎಫ್‌ಸಿ ತಲಾ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿದವು. ಈ ಸ್ಥಾವರ ಕಲ್ಲಿದ್ದಲಿಗೆ ನೆಚ್ಚಿಕೊಂಡಿದ್ದ ಇಂಡೊನೇಷ್ಯಾ 2010ರಲ್ಲಿ ಅದರ ರಫ್ತು ದರವನ್ನು ಮಾರುಕಟ್ಟೆಗೆ ಜೋಡಿಸಿದ್ದೇ ತಡ, ಅಗ್ಗದ ವಿದ್ಯುತ್ತಿನ ಲೆಕ್ಕಾಚಾರ ತಲೆಕೆಳಗಾಯಿತು. ಸ್ಥಾವರದಿಂದ ತಮ್ಮ ಬದುಕಿಗೆ ಹಾನಿಯಾಯಿತೆಂದು ದೂರಿ ಕರಾವಳಿಯ ಮೀನುಗಾರರು ಐಎಫ್‌ಸಿ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದರು. ಐಎಫ್‌ಸಿಗೆ ಮೊಕದ್ದಮೆಯಿಂದ ಪೂರ್ಣ ರಕ್ಷಣೆ ಇಲ್ಲವೆಂದು 2019ರಲ್ಲಿ ತೀರ್ಪು ಬಂತು. ಹೊಸ ಕಲ್ಲಿದ್ದಲು ಸ್ಥಾವರಗಳಿಗೆ ಹಣ ಕೊಡುವುದಿಲ್ಲವೆಂದು ಎಡಿಬಿ 2021ರಲ್ಲಿ ಘೋಷಿಸಿತಾದರೂ ಅನಿಲಕ್ಕೆ ಷರತ್ತಿನ ಬಾಗಿಲು ತೆರೆದೇ ಇಟ್ಟಿತು. ಮರುವರ್ಷವೇ ಉಕ್ರೇನ್ ಯುದ್ಧದಿಂದ ಅನಿಲ ದುಬಾರಿಯಾಗಿ, ಪಾಕಿಸ್ತಾನ, ಬಾಂಗ್ಲಾದೇಶಗಳು ಕೊಳ್ಳಲಾಗದೆ ಕತ್ತಲಲ್ಲಿ ಕುಳಿತವು.

ಕಲ್ಲಿದ್ದಲು ಸುಟ್ಟೇ ಶ್ರೀಮಂತವಾದ ದೇಶಗಳು ನಮಗೆ ಬುದ್ಧಿ ಹೇಳುವುದೇಕೆ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಕೇಳಬೇಕಾದದ್ದು ಕಲ್ಲಿದ್ದಲಿನ ಸಾಲವನ್ನಲ್ಲ, ಕಡಿಮೆ ಬಡ್ಡಿಯನ್ನು. ಬಿಸಿಲು, ಗಾಳಿ, ನೀರಿನ ವಿದ್ಯುತ್ತಿಗೆ ಬಹುಪಾಲು ಖರ್ಚು ಆರಂಭದಲ್ಲೇ ಬೀಳುವುದರಿಂದ ಅದರ ದರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬಡ್ಡಿಯೇ. ಹೀಗಾಗಿ ದೀರ್ಘಾವಧಿಯ ಅಗ್ಗದ ಸಾಲ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲಿ. ಸೂರ್ಯ ಮುಳುಗಿದ ಮೇಲೇನು ಗತಿ ಎನ್ನುವವರಿಗೆ ನೀಲಗಿರಿಯಲ್ಲೇ ಒಂದು ಉತ್ತರವಿದೆ: 500 ಮೆಗಾವಾಟ್‌ನ ಕುಂದಾ ಪಂಪ್ಡ್ ಸ್ಟೋರೇಜ್ ಯೋಜನೆ. ವಿದ್ಯುತ್ ಮಿಕ್ಕಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಕ್ಕೆ ಬಿಡುವುದು ಅದರ ಕೆಲಸ. ಇರುವ ಜಲಾಶಯಗಳನ್ನೇ ಬಳಸುವುದರಿಂದ ಹೊಸದಾಗಿ ಕಣಿವೆ ಮುಳುಗಿಸಬೇಕಾಗಿಲ್ಲ.

ಹಾಗೆಂದು ನೀರಿನ ವಿದ್ಯುತ್ತಿಗೆ ಕಳಂಕವೇ ಇಲ್ಲವೆಂದಲ್ಲ. ಮಸಿನಗುಡಿ, ಸಿಂಗಾರದ ಸುತ್ತ ಕಾಲುವೆ, ಪೈಪುಗಳು ಆನೆಗಳ ದಾರಿಗೆ ಅಡ್ಡ ಬಂದಿವೆ. ಈ ಆಕ್ಷೇಪಕ್ಕೆ ಉತ್ತರ ಕಲ್ಲಿದ್ದಲಿಗೆ ಮರಳುವುದಲ್ಲ. ಮುಂದ್ರಾದ ಮೀನುಗಾರರು ಕೇಳಿದ ಹೊಣೆಗಾರಿಕೆಯನ್ನು ಸಾಲಪತ್ರದಲ್ಲೇ ಬರೆಸುವುದು. ಆನೆಯ ದಾರಿ ಬಿಟ್ಟುಕೊಡುವ ಖರ್ಚೂ ಕಟ್ಟುವಾಗಲೇ ಲೆಕ್ಕಕ್ಕೆ ಬರಲಿ. ಅದನ್ನು ಒಮ್ಮೆ ತೆತ್ತರೆ ಮುಗಿಯಿತು. ಹಡಗಿನಲ್ಲಿ ಬರುವ ಇಂಧನದ ಬಿಲ್ಲಿಗೆ ಆ ಮುಗಿತಾಯವಿಲ್ಲ.